ಹೊತ್ತಿಗೆ ಮುಂಚೆ ಬಂದ ಹಕ್ಕಿಗಳು

ಕಾಡಿನಲ್ಲಿ ಗಾರ್ಡ್ ಕೆಲಸ ಮಾಡುವವನು ನಗು ಹುಡುಕಿಕೊಂಡು ಹೋಗಬೇಕಿಲ್ಲ; ಖಾಕಿ ಅಂಗಿ ಕಂಡರೆ ಸಾಕು, ಅದೇ ಬೆನ್ನು ಹತ್ತುತ್ತದೆ. ಮಹಾಯುದ್ಧಕ್ಕೆ ಮುಂಚೆ ನಾನು ದಾಂಡೇಲಿಯಲ್ಲಿದ್ದಾಗ ಪುಣೆ ಕಡೆಯ ರೇಂಜರ್ ಸಾಹೇಬರೊಬ್ಬರು ಬಂದರು. ಒಳ್ಳೆಯ ಮನುಷ್ಯ. ಆದರೆ ಹಕ್ಕಿ ಹುಚ್ಚು. ಬೆಳಗಾವಿಯಲ್ಲಿದ್ದ ಅವರ ಹೆಂಡತಿಯ ಅಣ್ಣನಿಗೂ ಅದೇ ಹುಚ್ಚು. ವಸಂತಕ್ಕೆ ಬರುವ ಹಾಡುಹಕ್ಕಿಗಳನ್ನು ಪ್ರತಿ ವರ್ಷ ಆತನೇ ಮೊದಲು ನೋಡುತ್ತಿದ್ದ. ಯುಗಾದಿಗೆ ಬಂದು ಹೋಳಿಗೆ ತಿನ್ನುತ್ತಾ ಅದನ್ನೇ ಹೇಳಿ ಸಾಹೇಬರ ಬಾಯಿ ಕಹಿ ಮಾಡುತ್ತಿದ್ದ. ಹೀಗಾಗಿ ನಮ್ಮ ಸಾಹೇಬರು ಸಂಕ್ರಾಂತಿಗೂ ಮೊದಲೇ ದುರ್ಬೀನು ಕೊರಳಿಗೆ ಹಾಕಿ ಹೊರಟುಬಿಟ್ಟರು. ಹಿಂದೆ ನಾನು.

ಚಕ್ಕಡಿಯ ಕೋಗಿಲೆ

ಮುಂಜಾನೆಯ ಮಂಜಿನಲ್ಲಿ ಮರದ ನಾಟಾ ಡಿಪೋ ರಸ್ತೆ ಹಿಡಿದಿದ್ದೆವು. ದೂರದಲ್ಲಿ "ಕುಹೂ... ಕುಹೂ..."

"ಕೋಗಿಲ! ಇಷ್ಟ ಲಗೂ?" ಎಂದು ಸಾಹೇಬರು ಓಡಿದರು. ನಾವು ಓಡಿದಷ್ಟೂ ಹಕ್ಕಿ ಮುಂದೆ ಹೋಯಿತು, ಇನ್ನಷ್ಟು ಜೋರಾಗಿ ಕೂಗಿತು. ತಿರುವು ದಾಟಿ ನೋಡಿದರೆ ಒಂದು ಚಕ್ಕಡಿ. ಖಾಕಿಯವರು ಬೆನ್ನಟ್ಟಿದ್ದು ಕಂಡು ಗಾಡಿಯವ ಎತ್ತುಗಳ ಬಾಲ ತಿರುವುತ್ತಿದ್ದ. ಎಣ್ಣೆ ಕಾಣದ ಅಚ್ಚು ಕೂಗುತ್ತಿತ್ತು. ಕೊನೆಗೆ ಗಾಡಿ ನಿಲ್ಲಿಸಿ, ಇಳಿದು ಕೈಮುಗಿದ:

"ಇವತ್ತ ಎಣ್ಣಿ ಹಾಕ್ತೇನ್ರಿ ಸಾಹೇಬ್ರ. ಗಾಲಿ ಒದರಿದ್ರೂ ಹಿಡೀತಾರ ಅಂತ ಗೊತ್ತಿರಲಿಲ್ರಿ!"

ಹಳಿಯಾಳದ ಹಳದಿ

ಹಳಿಯಾಳದ ಸಂತೆಯ ದಿನ ಒಂದು ಅಂಗಡಿಯ ಹಂಚಿನ ಮೇಲೆ ಅಪ್ಪಟ ಹಳದಿ ಹಕ್ಕಿ ಕೂತಿತ್ತು. ಸಾಹೇಬರು ನಡುರಸ್ತೆಯಲ್ಲೇ ನಿಂತರು. ಸಂತೆಗೆ ಬಂದವರೂ ಚೀಲ ಹಿಡಿದು ನಿಂತು ಮೇಲೆ ನೋಡಿದರು.

"ಉತ್ತರದಿಂದ ಬಂದ ಹಕ್ಕಿ ಇದು! ನಮ್ಮ ಭಾವ ಈಗ ಏನಂತಾನ ನೋಡೂಣು!" ಎಂದು ಸಾಹೇಬರು ಕೂಗಿದರು.

ಹಕ್ಕಿ "ಚಿಂವ್ ಚಿಂವ್" ಎಂದಿತು. ಗುಬ್ಬಿ!

ಕೆಳಗೆ ಸೀರೆಗಳಿಗೆ ಬಣ್ಣ ಹಾಕುತ್ತಿದ್ದ ಚಾಚಾ ಹೊರಗೆ ಬಂದ. "ಮುಂಜಾನೆ ನನ್ನ ಬಣ್ಣದ ಬಾನ್ಯಾಗ ಬಿದ್ದಿತ್ರಿ ಸಾಬ್. ನಾನ ಎತ್ತಿ ಬಿಟ್ಟೆ." ಸಾಹೇಬರ ಮುಖ ಇಳಿದದ್ದು ನೋಡಿ ಪಾಪ, ಸಮಾಧಾನ ಹೇಳಿದ:

"ಬ್ಯಾಸರ ಮಾಡ್ಕೋಬ್ಯಾಡ್ರಿ. ನನ್ನ ಬಣ್ಣ ಪಕ್ಕಾ, ಮಳಿ ಬಂದ್ರೂ ಹೋಗೂದಿಲ್ಲ. ಸಾವಕಾಶ ಭಾವನ್ನ ಕರಕೊಂಡ ಬಂದು ತೋರಸ್ರಿ!"

ಗಪ್!

ಮುಂಡಗೋಡದ ಹತ್ತಿರ ಮಳಗಿ ದಾರಿಯಲ್ಲಿ ನವರಂಗದ ಸೀಟಿ ಕೇಳಿಸಿತು. ಮಳೆಗಾಲದ ಹೊಸ್ತಿಲಲ್ಲಿ ಬರಬೇಕಾದ ಹಕ್ಕಿ, ಹೋಳಿಹುಣ್ಣಿಮೆಗೂ ಮೊದಲೇ! ಈ ಸಲ ಸುಳ್ಳಲ್ಲ, ನಾನೂ ಕೇಳಿದೆ. ಸಾಹೇಬರು ದುರ್ಬೀನು ಏರಿಸಿ ಮರದ ತುದಿಗಳನ್ನು ಶೋಧಿಸತೊಡಗಿದರು.

ಆಗಲೇ ಡೋಲು ಬಾರಿಸುತ್ತಾ ಸಿದ್ದಿ ಜನರ ಮದುವೆ ದಿಬ್ಬಣ ಬಂತು.

"ಗಪ್! ಯಾರೂ ಅಲುಗಾಡಬ್ಯಾಡ್ರಿ!" ಎಂದರು ಸಾಹೇಬರು.

ಡೋಲು ನಿಂತಿತು. ಮದುಮಗ ಎತ್ತಿದ ಹೆಜ್ಜೆಯನ್ನು ಮೆಲ್ಲಗೆ ಇಳಿಸಿದ. ಅತ್ತ ಹೆಣ್ಣಿನ ಮನೆಯಲ್ಲಿ ಮುಹೂರ್ತ ಹತ್ತಿರವಾಗುತ್ತಿತ್ತು. ಇತ್ತ ಬಾಸಿಂಗದ ಕೆಳಗಿನಿಂದ ಬೆವರು ಇಳಿಯುತ್ತಿತ್ತು.

ಅಷ್ಟರಲ್ಲಿ ಪೊದೆಯಿಂದ ನವರಂಗ ಹೊರಬಂತು. ಹಸಿರು ಬೆನ್ನು, ಕೆಂಪು ಹೊಟ್ಟೆ, ಮೋಟು ಬಾಲ. ಕುಪ್ಪಳಿಸುತ್ತಾ ನೇರ ಸಾಹೇಬರ ಬೂಟುಗಳ ನಡುವೆ ಬಂದು, ತರಗೆಲೆ ಸರಿಸಿ ಹುಳು ಹೆಕ್ಕತೊಡಗಿತು. ದಿಬ್ಬಣಕ್ಕೆ ದಿಬ್ಬಣವೇ ಕಣ್ಣರಳಿಸಿ ನೋಡಿತು.

"ಸಾಹೇಬ್ರ..." ಎಂದೆ.

"ಗಪ್!"

ಮದುಮಗನ ಅಜ್ಜಿಗೆ ತಡೆಯಲಾಗಲಿಲ್ಲ. "ಯಪ್ಪಾ, ಕೆಳಗ..."

"ಗಪ್ ಅಂದ್ನೆಲ್ಲ!" ಸಾಹೇಬರು ದುರ್ಬೀನು ಇಳಿಸಲೇ ಇಲ್ಲ.

ಹಕ್ಕಿ ಹೊಟ್ಟೆ ತುಂಬಿಸಿಕೊಂಡು ಪೊದೆಗೆ ಮರಳಿತು. ಕತ್ತು ನೊಂದ ಮೇಲೆ ಸಾಹೇಬರು ದಾರಿ ಬಿಟ್ಟರು. ಪುಣ್ಯಕ್ಕೆ ಮುಹೂರ್ತ ತಪ್ಪಲಿಲ್ಲ. ನಮ್ಮನ್ನೂ ಊಟಕ್ಕೆ ಕೂರಿಸಿದರು. ನಡೆದದ್ದನ್ನು ಹೇಳುವ ಧೈರ್ಯ ನನಗಿರಲಿಲ್ಲ. ಪಾಯಸ ಬಡಿಸಲು ಬಂದ ಅಜ್ಜಿಗೆ ಸಾಹೇಬರು, "ಅಷ್ಟೊತ್ತು ನಿಂತ್ರೂ ಹಕ್ಕಿ ಬರಲಿಲ್ಲ ನೋಡವ್ವಾ" ಎಂದರು.

"ಬಂದಿತ್ರೀ ಯಪ್ಪಾ. ನಿಮ್ಮ ಕಾಲಾಗ ಕುಂತು ಹುಳಾ ತಿಂದು ನ್ಯಾರಿ ಮಾಡಿ ಹೋತು."

ಸಾಹೇಬರ ಕೈ ಎಲೆಯಲ್ಲೇ ನಿಂತಿತು. "ಮತ್ತ ಹೇಳಬಾರದನ?"

"ಹೆಂಗ ಹೇಳೂದ್ರಿ? ನೀವ ಗಪ್ ಅಂದ್ರಿ. ಪಾಪ, ಆ ಹಕ್ಕಿನೂ ನಿಮಗ ಅಂಜಿ ಒಂದ ಸೊಲ್ಲ ಎತ್ತಲಿಲ್ಲ!"