ಗವ್ಹರಳ ಜುಟ್ಟು ಹೂವು, ನನ್ನ ನೀರಿನ ಕೊಡ

ಸೋಮಾರಿಗಳ ಅಂಗಳದಲ್ಲೇ ದೇವರು ಹೂ ಅರಳಿಸುವುದಾದರೆ ಉಳಿದವರು ಕೋಳಿ ಕೂಗುವ ಮುಂಚೆ ಎದ್ದು ಕಸ ಗುಡಿಸುವುದು ಯಾವ ಸುಖಕ್ಕೆ? ಯಾರ ಮೇಲಿನ ಹೊಟ್ಟೆಕಿಚ್ಚಿನಿಂದಲೂ ಈ ಮಾತು ಕೇಳುತ್ತಿಲ್ಲ. (ಗವ್ಹರಳ ಮೇಲಿನ ಹೊಟ್ಟೆಕಿಚ್ಚಿನಿಂದ ಕೇಳುತ್ತಿದ್ದೇನೆ.)

ಗವ್ಹರ್ ನನ್ನ ಪಕ್ಕದ ಮನೆಯವಳು. ನಮ್ಮ ಓಣಿಯಲ್ಲಿ ಹೆಂಗಸಾದವಳು ಬೆಳಕು ಹರಿಯುವಷ್ಟರಲ್ಲಿ ಅಂಗಳಕ್ಕೆ ನೀರು ಚಿಮುಕಿಸಿ, ಗುಡಿಸಿ, ಬಾಗಿಲ ಮುಂದಿನ ಬೀದಿಯನ್ನೂ ಗುಡಿಸಿ ಮುಗಿಸಿರಬೇಕು. ಗವ್ಹರ್ ಏಳುವುದು ಬಿಸಿಲು ಅವಳ ರಜಾಯಿಯ ಮೇಲೆ ಹತ್ತಿ ಕುಳಿತ ಮೇಲೆ. ಅವಳ ಜರ್ದಾಲು ಮರ ಶರತ್ಕಾಲದಲ್ಲಿ ಉದುರಿಸಿದ ಎಲೆ ವಸಂತದವರೆಗೂ ಬಿದ್ದಲ್ಲೇ ಬಿದ್ದಿರುತ್ತದೆ. ಕೇಳಿದರೆ, “ಮರ ಉದುರಿಸಿದ್ದು ಓಪಾ, ಮರಾನೇ ಎತ್ಕೊಳ್ಳಲಿ,” ಅನ್ನುತ್ತಾಳೆ. (ಓಪಾ ಎಂದು ನನ್ನನ್ನು ಅಕ್ಕನ ಸ್ಥಾನಕ್ಕೆ ಏರಿಸಿಬಿಟ್ಟರೆ ಬೈಗುಳ ಅರ್ಧಕ್ಕರ್ಧ ಕಡಿಮೆಯಾಗುತ್ತದೆಂದು ಅವಳ ಲೆಕ್ಕ.)

ಚತ್ಕಾಲ್ ಗುಡ್ಡದ ಹಿಮ ಕರಗಿ ಕಾಲುವೆಗೆ ಇಳಿಯುವ ಹೊತ್ತಿಗೆ ಆ ಕೊಳೆತ ಎಲೆಗಳ ಕೆಳಗಿನಿಂದಲೇ ಜುಟ್ಟು ಹೂವು ಎದ್ದು ಬರುತ್ತದೆ. ಪಟ್ಟಣದವರು ಕೊರಿಡಾಲಿಸ್ ಎಂದೇನೋ ಅನ್ನುತ್ತಾರಂತೆ. ಗೇಣುದ್ದದ ಗಿಡ, ಬೂದಿ ಬಳಿದಂಥ ಹಸಿರೆಲೆ, ಒಂದೊಂದು ಕಡ್ಡಿಗೂ ನೇರಳೆ ಬಣ್ಣದ ಪುಟ್ಟ ಮೀನುಗಳನ್ನು ಸಾಲಾಗಿ ಪೋಣಿಸಿದ ಹಾಗೆ ಹೂ. ಅಂಥದ್ದು ಅವಳ ಮರದ ಬುಡದ ತುಂಬ, ಕಾಲಿಡಲು ಜಾಗವಿಲ್ಲದಂತೆ.

ಅರಳಿಕೊಳ್ಳಲಿ, ನನಗೇನು ಎಂದು ಸುಮ್ಮನಿರಬಹುದಿತ್ತು. ಆದರೆ ಕಡಾಯಿಯ ಮಾತು ಬಂತು. ವಸಂತದ ನವ್ರೂಜ್ ಹಬ್ಬಕ್ಕೆ ಓಣಿಯ ಹೆಂಗಸರೆಲ್ಲ ಸೇರಿ ಮೊಳಕೆ ಗೋಧಿಯ ಹಾಲಿಗೆ ಹಿಟ್ಟು ಬೆರೆಸಿ ಸುಮಲಕ್ ಎಂಬ ಪಾಯಸ ಕಾಯಿಸುತ್ತೇವೆ. ಆ ದೊಡ್ಡ ಕಡಾಯಿ ನಮ್ಮತ್ತೆಯ ಕಾಲದಿಂದಲೂ ನಮ್ಮ ಅಂಗಳದಲ್ಲೇ. ಕಡಾಯಿ ಇದ್ದ ಮನೆಯಲ್ಲೇ ಹೆಂಗಸರು, ಹೆಂಗಸರು ಇದ್ದಲ್ಲೇ ಸುದ್ದಿ. ನನ್ನಂಥ ವಿಧವೆಗೆ ವರ್ಷಕ್ಕೊಮ್ಮೆ ಸಿಗುವ ಪಟ್ಟಾಭಿಷೇಕ ಅದು. ಹೋದ ವರ್ಷ ಹಬ್ಬದ ಮಾರನೆಯ ದಿನ ಗವ್ಹರಳ ಹೂಗಳ ಮುಂದೆ ಚಹಾ ಕುಡಿಯುತ್ತ ಓಣಿಗೆಲ್ಲ ಹಿರಿಯಳಾದ ಸಲೋಮತ್ ಅಜ್ಜಿ ಅಂದುಬಿಟ್ಟಳು: “ಮುಂದಿನ ಸಲ ಕಡಾಯಿ ಇಲ್ಲೇ ಇಡೋಣ ಕಣ್ರೇ. ಕಣ್ಣಿಗೂ ಹಬ್ಬ ಆಗುತ್ತೆ.”

ಕೈಯಲ್ಲಿದ್ದ ಚಹಾ ಬಟ್ಟಲನ್ನು ಕೆಳಗಿಟ್ಟೆ. ಗವ್ಹರಳಿಗಿಂತ ದಟ್ಟವಾಗಿ ಜುಟ್ಟು ಹೂವು ಬೆಳೆಸಿಯೇ ತೀರುತ್ತೇನೆಂದು ಅಲ್ಲೇ ಮಹಾಪ್ರತಿಜ್ಞೆ ಮಾಡಿದೆ.

ಬೆಳೆಸುವುದಕ್ಕೆ ಗೆಡ್ಡೆ ಬೇಕು. ಬಾಯಿಬಿಟ್ಟು ಕೇಳಿದರೆ ಸೋತಂತೆ. ನಮ್ಮಲ್ಲಿ ನೆರೆಯವರ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿಯಿಲ್ಲ. ಆ ಪದ್ಧತಿಯನ್ನೇ ನಂಬಿ ತಂದೂರಿನಲ್ಲಿ ತಟ್ಟೆ ತುಂಬ ಕುಂಬಳಕಾಯಿ ಸಮೋಸ ಸುಟ್ಟು ಕಳಿಸಿದೆ. ತಟ್ಟೆ ತುಂಬ ಮೂಲಂಗಿ ಬಂತು. ಮಾಂಸದ ಸಮೋಸ ಕಳಿಸಿದೆ. ಸೌತೆಕಾಯಿ ಬಂತು. ಮತ್ತೊಮ್ಮೆ ಕಳಿಸಿದ್ದಕ್ಕೆ ಉಪ್ಪುನೇರಳೆ ಹಣ್ಣು. ಕೊನೆಗೆ ನಾನೇ ತಟ್ಟೆ ಹಿಡಿದು ಹೋದೆ.

“ಗವ್ಹರ್, ಆ ಹೂವಿನ ಗೆಡ್ಡೆ ಹೆಚ್ಚಾಗಿ ಬಿದ್ದಿದ್ರೆ... ನನಗೇನು ಬೇಕು ಅಂತಲ್ಲ...”

“ಅಯ್ಯೋ ಓಪಾ, ಇದಕ್ಕಾ ಇಷ್ಟೊಂದು ಸಮೋಸ ತಿನ್ಸಿದ್ದು? ಮೊದಲೇ ಹೇಳ್ಬಾರ್ದಾ! ನನ್ನ ಅಂಗಿ ಎಲ್ಲಾ ಬಿಗಿಯಾಗ್ಬಿಟ್ಟಿದೆ.”

ಅವಳ ಗಿಡಗಳ ಎಲೆ ಆಗಲೇ ಹಳದಿಯಾಗಿ ನೆಲಕ್ಕೆ ಮಲಗಿತ್ತು. ಅಡಿಗೆಮನೆಯ ಚಮಚದಿಂದಲೇ ಕೆದಕಿ ತಟ್ಟೆ ತುಂಬ ಗೆಡ್ಡೆ ಹಾಕಿದಳು. ಪಿಸ್ತಾಗಿಂತ ದೊಡ್ಡವು, ಆಕ್ರೋಟಿಗಿಂತ ಚಿಕ್ಕವು.

“ನೆಟ್ಬಿಟ್ಟು ಮರ್ತುಬಿಡಿ ಓಪಾ. ಅಷ್ಟೇ.”

ಮರೆತುಬಿಡಬೇಕಂತೆ! ಯಾವ ಹಬ್ಬಕ್ಕೆ ಕೊಟ್ಟ ಸೌಟು ಯಾರ ಮನೆಯಲ್ಲಿ ಉಳಿಯಿತೆಂದು ಇವತ್ತಿಗೂ ಹೇಳಬಲ್ಲ ನನಗೆ! ಗುಟ್ಟನ್ನು ಇಷ್ಟು ಸಲೀಸಾಗಿ ಯಾರಾದರೂ ಬಿಟ್ಟುಕೊಡುತ್ತಾರೆಯೇ? ನನ್ನ ಗೆಡ್ಡೆ ಒಣಗಲಿ ಎಂದೇ ಹೂಡಿದ ಸಂಚು ಇದು ಎಂಬುದು ನನಗೆ ಆ ಕ್ಷಣವೇ ಹೊಳೆಯಿತು.

ಕಾಲುವೆಯ ಪಕ್ಕದ ಮಡಿಯನ್ನು ಮೊಳಕೈ ಆಳ ಅಗೆದೆ. ಮಣ್ಣನ್ನು ಹಿಟ್ಟಿನ ಜರಡಿಯಲ್ಲಿ ಸೋಸಿದೆ. ಕುರಿಗೊಬ್ಬರ ಬೆರೆಸಿ, ಗೆಡ್ಡೆಗಳನ್ನು ದಾರ ಹಿಡಿದು ಸಾಲಾಗಿ ಕೂರಿಸಿದೆ. ಅಂದಿನಿಂದ ಬೇಸಿಗೆಯುದ್ದಕ್ಕೂ ಅಂಗಳಕ್ಕೆ ನೀರು ಚಿಮುಕಿಸುವಾಗ ಮೊದಲ ಕೊಡ ಆ ಮಡಿಗೆ. ಎಲೆಯಿಲ್ಲ, ಚಿಗುರಿಲ್ಲ. ಬರೀ ಕಪ್ಪು ಮಣ್ಣು, ಅದರ ಮುಂದೆ ಕೊಡ ಹಿಡಿದ ನಾನು.

“ಅಮ್ಮ, ಏನಕ್ಕೆ ನೀರು ಹಾಕ್ತಿದೀರಾ?” ಎಂದಳು ಸೊಸೆ ಮುನಿರಾ.

“ಹೂವಿಗೆ.”

“ಹೂವೆಲ್ಲಿದೆ?”

“ಒಳಗಿದೆ.”

“ಅದಕ್ಕೆ ಬಾಯಾರಿದೆ ಅಂತ ನಿಮಗೆ ಹೇಗ್ಗೊತ್ತು?”

“ಈ ಸುಡುಬಿಸಿಲಲ್ಲಿ ನಿನಗೆ ಬಾಯಾರಲ್ವೇನೇ? ಸುಮ್ನೆ ಇನ್ನೊಂದು ಕೊಡ ತಗೊಂಬಾ.”

ಆಗಾಗ ಸ್ಟೂಲು ಹಾಕಿಕೊಂಡು ಗೋಡೆಯಾಚೆಗೂ ಇಣುಕಿದೆ. (ಕೋಳಿ ಹಾರಿಹೋಗಿದೆಯೇನೋ ನೋಡಲು.) ಗವ್ಹರಳ ಮರದ ಬುಡ ರೊಟ್ಟಿ ಸುಡುವ ತಂದೂರಿನಂತೆ ಒಣಗಿ ಬಿರುಕು ಬಿಟ್ಟಿತ್ತು. ಒಂದು ಹನಿ ನೀರಿಲ್ಲ. ಸತ್ತವು ಅವಳ ಗೆಡ್ಡೆಗಳು, ಎಂದು ಇಳಿದು ಬಂದು ಸಂತೋಷಕ್ಕೆ ನನ್ನ ಮಡಿಗೆ ಇನ್ನೂ ಒಂದು ಕೊಡ ಸುರಿದೆ.

ಹಿಮ ಬಿತ್ತು, ಹಿಮ ಕರಗಿತು. ಒಂದು ಬೆಳಿಗ್ಗೆ ಗೋಡೆಯಾಚೆಯಿಂದ, “ಓಪಾ, ಬಂದ್ವು ನೋಡಿ!” ಎಂದು ಕೂಗು. ಸ್ಟೂಲು ಹತ್ತಿದೆ. ಹತ್ತಬಾರದಿತ್ತು. ಹಳೆಯ ಎಲೆಗಳನ್ನು ತಳ್ಳಿಕೊಂಡು ನೇರಳೆ ಮೀನುಗಳ ಹಿಂಡೇ ಎದ್ದಿತ್ತು, ಹೋದ ವರ್ಷಕ್ಕಿಂತ ದಟ್ಟವಾಗಿ.

ನನ್ನ ಮಡಿ ಮಾತ್ರ ಹೋದ ವರ್ಷಕ್ಕಿಂತ ಕಪ್ಪಾಗಿತ್ತು. ಮುನಿರಾ ಬೆರಳು ಹಾಕಿ ಕೆದಕಿದಳು. ಗೆಡ್ಡೆ ಇರಬೇಕಾದಲ್ಲಿ ಅಂಟಂಟು ಗಂಜಿ.

“ಅಮ್ಮ, ಬಾಯಾರಿಕೆ ಚೆನ್ನಾಗೇ ತೀರಿದೆ,” ಎಂದಳು. (ಸೊಸೆಯನ್ನು ನಾನೇ ಆರಿಸಿ ತಂದದ್ದು. ಯಾರನ್ನು ದೂರಲಿ?)

ಗೋಡೆಯ ಮೇಲೆ ಗವ್ಹರಳ ತಲೆ ಮೂಡಿತು. “ಬೇಸಿಗೇಲಿ ನೀರು ಹಾಕಿದ್ರಾ? ಅದು ಹುಟ್ಟೋ ಗುಡ್ಡದಲ್ಲಿ ಬೇಸಿಗೇಲಿ ಯಾರು ನೀರು ಹಾಕ್ತಾರೆ ಓಪಾ? ಅದು ಆಗ ನಿದ್ದೆ ಮಾಡೋದು. ಮಲಗಿರೋರ ಮೇಲೆ ದಿನಾ ಕೊಡ ಸುರಿದ್ರೆ...”

“ಮಲಗೋ ವಿಷಯ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ ಬಿಡು,” ಎಂದು ಸೌದೆಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಹಬ್ಬ ಹತ್ತಿರವಾಯಿತು. ಕಡಾಯಿಯ ಜಾಗ ನಿಶ್ಚಯಿಸಲು ಸಲೋಮತ್ ಅಜ್ಜಿ ಹೆಂಗಸರ ದಂಡು ಕಟ್ಟಿಕೊಂಡು ನೇರ ಗವ್ಹರಳ ಮನೆಗೆ ನಡೆದಳು. ಎದೆಯ ಮೇಲೆ ಕಲ್ಲು ಇಟ್ಟುಕೊಂಡು ನಾನೂ ಹಿಂದೆ ಹೋದೆ. ಅಜ್ಜಿ ಕೋಲೂರಿ ಹೂಗಳನ್ನು ಬಹಳ ಹೊತ್ತು ನೋಡಿದಳು.

“ಇದರ ಮೇಲೆ ಒಲೆ ಹೂಡೋದಾ? ಹೂಡಿದ ಕೈ ಸೇದಿಹೋದಾವು. ಹೊಗೆ, ಬೂದಿ, ಇಷ್ಟು ಜನರ ಕಾಲು... ಬೇಡ್ರೇ ಬೇಡ. ಯಾವಾಗ್ಲಿನ ಹಾಗೆ ಖೊಸಿಯತ್ ಮನೇಲೇ ಇಡಿ.” ಖೊಸಿಯತ್ ಎಂದರೆ ನಾನೇ. ನನ್ನ ಎದೆ ರೊಟ್ಟಿಯ ಹಾಗೆ ಉಬ್ಬಿತು. ಅಷ್ಟರಲ್ಲಿ ಅಜ್ಜಿ ಮಾತು ಮುಗಿಸಿದಳು: “ಅವಳ ಅಂಗಳದಲ್ಲಿ ಹಾಳಾಗೋಕೆ ಏನೂ ಇಲ್ಲ.”

ಗೆದ್ದೆನೋ ಸೋತೆನೋ ಗೊತ್ತಾಗುವ ಮೊದಲೇ ಹೆಂಗಸರು ಗುದ್ದಲಿ ಹಿಡಿದು ನನ್ನ ಅಂಗಳಕ್ಕೆ ನುಗ್ಗಿದ್ದರು. “ಇಲ್ಲಿ ಅಗೀರೇ, ಮಣ್ಣು ಬೆಣ್ಣೆ ಹಾಗಿದೆ! ಪುಣ್ಯಾತ್ಗಿತ್ತಿ ಒಲೆಗೆ ಅಂತಲೇ ಸೋಸಿಟ್ಟ ಹಾಗಿದೆ!” ನನ್ನ ಮಡಿಯ ನಟ್ಟನಡುವೆ ಒಲೆಯ ಗುಂಡಿ ತೆರೆಯಿತು.

ಮಧ್ಯಾಹ್ನ ಕಡಾಯಿ ಏರಿತು, ಸುಮಲಕ್ ಕುದಿಯತೊಡಗಿತು. ಮನೆಯ ಯಜಮಾನಿಯೆಂದು ಮೊದಲ ಸೌಟು ನನ್ನ ಕೈಗೇ ಕೊಟ್ಟರು. ಸುಮಲಕ್‌ಗೆ ಹಾಕಿದ ಸೌಟು ನಿಲ್ಲುವಂತಿಲ್ಲ, ನಿಂತರೆ ತಳ ಹಿಡಿಯಿತೆಂದೇ ಅರ್ಥ. ಆಗ ಗವ್ಹರ್ ಬಂದು, “ಬನ್ರೇ, ಬಿಸಿಲು ಬಿದ್ದಿದೆ, ಹೂವು ಹೇಗೆ ಕಾಣ್ತಿದೆ ನೋಡಿ, ಚಹಾನೂ ಆಗಿದೆ,” ಎಂದಳು. ಒಬ್ಬೊಬ್ಬರಾಗಿ ಎದ್ದರು. ಅಜ್ಜಿ ಎದ್ದಳು. ಕಡೆಗೆ ಮುನಿರಾ ಕೂಡ, “ಈಗ್ಲೇ ಬಂದೆ ಅಮ್ಮ,” ಎಂದು ನಡೆದಳು.

ಹೆಂಗಸರೆಲ್ಲ ಆಚೆ, ಸುದ್ದಿಯೆಲ್ಲ ಆಚೆ. ಈಚೆ ಕಡಾಯಿ, ಹೊಗೆ, ನಾನು. ಅಲ್ಲಿ ಯಾರೋ ಏನೋ ಅಂದರು, ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಯಾವ ಮಾತಿಗೆ ನಕ್ಕರೆಂಬುದು ಈ ಜನ್ಮದಲ್ಲಿ ನನಗೆ ತಿಳಿಯುವಂತಿಲ್ಲ.

“ಓಪಾ, ತಿರುವ್ತಾ ಇರಿ, ತಳ ಹಿಡಿದೀತು!” ಎಂದು ಗವ್ಹರಳ ಉಪದೇಶ ತೇಲಿಬಂತು.

ಸುಮಲಕ್ ತಿರುವುವಾಗ ಮನಸ್ಸಿನಲ್ಲಿ ಏನು ಬೇಡಿಕೊಂಡರೂ ಫಲಿಸುತ್ತದೆ. ಬಾಯಿಬಿಟ್ಟು ಹೇಳಿದರೆ ಮಾತ್ರ ಕೆಡುತ್ತದೆ. ಆದ್ದರಿಂದ ನಾನು ಬೇಡಿದ್ದೇನೆಂದು ಹೇಳುವುದಿಲ್ಲ. ಗವ್ಹರಳ ಕೋಳಿಗೂಡಿನ ಪಕ್ಕ ಹೂವಿಲ್ಲದ ಜಾಗ ಒಂದಿಷ್ಟು ಇದೆ, ಮುಂದಿನ ವರ್ಷ ಅಲ್ಲಿ ಈ ಕಡಾಯಿ ಅಚ್ಚುಕಟ್ಟಾಗಿ ಕೂರುತ್ತದೆ, ಎಂದಷ್ಟೇ ಹೇಳಬಲ್ಲೆ.