ಹಯಸಿಂತ್ ಗೆಡ್ಡೆಯೂ ಹುಣಸೆಹಣ್ಣೂ

ನನಗೆ ಕಾಯುವುದು ಬರುವುದಿಲ್ಲ. ಈಜು ಬರುವುದಿಲ್ಲ, ಹಾಡು ಬರುವುದಿಲ್ಲ ಎಂದು ಜನ ಎಷ್ಟು ಸಲೀಸಾಗಿ ಹೇಳಿಕೊಳ್ಳುತ್ತಾರೋ ನಾನೂ ಇದನ್ನು ಅಷ್ಟೇ ಸಲೀಸಾಗಿ ಹೇಳಿಕೊಳ್ಳುತ್ತೇನೆ. ಕುಕ್ಕರಿನ ಆವಿ ತಾನಾಗಿಯೇ ಇಳಿಯುವವರೆಗೆ ಸುಮ್ಮನೆ ನಿಂತ ನೆನಪು ನನಗಿಲ್ಲ. ಸೌಟಿನ ತುದಿಯಿಂದ ಅದರ ವೆಯ್ಟ್ ಎತ್ತಿ ಎತ್ತಿ, ಒಂದು ದಿನ ತೊಗರಿಬೇಳೆಯನ್ನು ಅಡುಗೆಮನೆಯ ಸೀಲಿಂಗಿಗೆ ಹಾರಿಸಿದ್ದೇನೆ. ಆ ಹಳದಿ ಕಲೆ ಎರಡು ಸಲ ಪೇಂಟ್ ಹೊಡೆಸಿದರೂ ಹೋಗಿಲ್ಲ. ಪ್ರಿನ್ಸ್‌ಟನ್ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ರೈಲು ಬರುವ ದಿಕ್ಕಿಗೆ ಬಗ್ಗಿ ಬಗ್ಗಿ ನೋಡುವ ಹೆಂಗಸೊಬ್ಬಳು ನಿಮ್ಮ ಕಣ್ಣಿಗೆ ಬಿದ್ದಿದ್ದರೆ ಅವಳು ನಾನೇ. ಬಗ್ಗಿದರೆ ರೈಲು ಬೇಗ ಬರುವುದಿಲ್ಲ ಎನ್ನುವುದು ನನಗೂ ಗೊತ್ತು. ಔಷಧಿ ಕಂಪನಿಯೊಂದರಲ್ಲಿ ಅಂಕಿಅಂಶ ನೋಡುವ ಕೆಲಸ ನನ್ನದು. ಯಾವುದರಿಂದ ಯಾವುದು ಆಗುತ್ತದೆ, ಯಾವುದರಿಂದ ಆಗುವುದಿಲ್ಲ ಎಂದು ಹೇಳುವುದಕ್ಕೇ ಅವರು ನನಗೆ ಸಂಬಳ ಕೊಡುತ್ತಾರೆ. ಆದರೂ ಬಗ್ಗುತ್ತೇನೆ.

ಇದು ಅಮೆರಿಕಕ್ಕೆ ಬಂದು ಕಲಿತ ಚಾಳಿಯಲ್ಲ. ಮೈಸೂರಿನಲ್ಲಿ ನಾನು ಐದನೇ ಕ್ಲಾಸಿನಲ್ಲಿದ್ದಾಗ ಟೀಚರು ಎಲ್ಲರಿಗೂ ನಾಲ್ಕು ನಾಲ್ಕು ಅವರೆಕಾಳು ಕೊಟ್ಟು, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಬಂದಮೇಲೆ ತನ್ನಿ ಎಂದಿದ್ದರು. ನಾನು ಗಂಟೆಗೊಮ್ಮೆ ಗಂಟು ಬಿಚ್ಚಿ ನೋಡಿದೆ. ಇಡೀ ಕ್ಲಾಸಿನಲ್ಲಿ ಮೊಳಕೆ ಬರದಿದ್ದದ್ದು ನನ್ನ ಕಾಳಿಗೆ ಮಾತ್ರ. ಇಷ್ಟು ಜನರೆದುರು ಬಟ್ಟೆ ಬದಲಾಯಿಸುವುದು ಹೇಗೆ ಎಂದು ಅವು ನಾಚಿಕೊಂಡಿರಬೇಕು ಅಂತ ನಮ್ಮಪ್ಪ ಹೇಳಿ ನಕ್ಕಿದ್ದರು.

ಇಂಥ ನನ್ನ ಕೈಗೆ ಹೋದ ಅಕ್ಟೋಬರಿನಲ್ಲಿ ನಮ್ಮ ಮಗಳು ಅನಘಾ ಹಯಸಿಂತ್ ಎಂಬ ಹೂವಿನ ಹನ್ನೆರಡು ಗೆಡ್ಡೆಗಳನ್ನು ತಂದಿಟ್ಟಳು. ಅವಳಿಗೆ ಹದಿನೇಳು. ಹೈಸ್ಕೂಲಿನ ಕೊನೆಯ ವರ್ಷ, ಎಂದರೆ ಕಾಲೇಜುಗಳಿಗೆ ಅರ್ಜಿ ಹಾಕುವ ವರ್ಷ. ಮನೆಯಲ್ಲಿ ಆಗ ನಾನು ದಿನಕ್ಕೆ ಎಷ್ಟು ಸಲ ಅವಳ ರೂಮಿನ ಬಾಗಿಲು ತೆರೆಯುತ್ತಿದ್ದೆ ಎನ್ನುವುದನ್ನು ಇಲ್ಲಿ ಬರೆಯುವುದು ಬೇಡ. ಪ್ರಬಂಧ ಮುಗಿಯಿತಾ, ಟೀಚರು ಶಿಫಾರಸು ಪತ್ರ ಕಳಿಸಿದರಾ, ಎದುರು ಮನೆ ಹುಡುಗ ಆಗಲೇ ಒಂಬತ್ತು ಕಡೆ ಹಾಕಿದ್ದಾನಂತೆ, ನಿನ್ನದೆಷ್ಟಾಯಿತು. ಅವಳು ಗೆಡ್ಡೆಯ ಚೀಲವನ್ನು ಊಟದ ಮೇಜಿನ ಮೇಲಿಟ್ಟು ಬಹಳ ಶಾಂತವಾಗಿ ಒಂದು ಒಪ್ಪಂದ ಮುಂದಿಟ್ಟಳು. ಇದನ್ನು ನೆಡಬೇಕು. ಕಾಲೇಜಿನ ಉತ್ತರ ಬರುವವರೆಗೆ ಅಗೆದು ನೋಡಬಾರದು. ಅಷ್ಟು ದಿನ ಕಾಲೇಜಿನ ಬಗ್ಗೆ ಒಂದೂ ಪ್ರಶ್ನೆ ಕೇಳಬಾರದು.

"ಇಷ್ಟು ಮಾಡಿದ್ರೆ ರಿಸಲ್ಟನ್ನ ನಿನ್ನ ಪಕ್ಕದಲ್ಲಿ ಕೂತು ಓಪನ್ ಮಾಡ್ತೀನಿ ಅಮ್ಮಾ. ಪ್ರಾಮಿಸ್. ಇಲ್ಲಾಂದ್ರೆ ಐ ವಿಲ್ ಓಪನ್ ಇಟ್ ಅಲೋನ್," ಎಂದಳು.

ಸಾಮಾನ್ಯವಾಗಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ ಇಷ್ಟು ಉದ್ದದ ಕನ್ನಡ ಮಾತಾಡಿದ್ದೇ ವಿಷಯ ಎಷ್ಟು ಗಂಭೀರ ಎಂದು ತೋರಿಸುತ್ತಿತ್ತು. ಅವಳ ಮನಸ್ಸಿನಲ್ಲಿದ್ದದ್ದು ಒಂದೇ ಕಾಲೇಜು. ಅದರ ಉತ್ತರ ಮಾರ್ಚ್ ಕೊನೆಯ ಗುರುವಾರ ಸಂಜೆ ಏಳಕ್ಕೆ ಬರುತ್ತದೆ. ಆ ಉತ್ತರ ಓದುವಾಗ ನಾನು ಅವಳ ಪಕ್ಕದಲ್ಲಿರಬೇಕು ಎನ್ನುವುದು ನನಗೆ ಎಷ್ಟು ಮುಖ್ಯವಾಗಿತ್ತೆಂದರೆ, ಯೋಚನೆಯೇ ಮಾಡದೆ ಒಪ್ಪಿಕೊಂಡೆ. ಅಕ್ಟೋಬರಿನಿಂದ ಮಾರ್ಚಿಗೆ ಎಷ್ಟು ತಿಂಗಳು ಎಂದು ಎಣಿಸಿದ್ದು ಆಮೇಲೆ.

ನೆಡುವ ಕೆಲಸ ಸುಲಭ. ಚೂಪು ತುದಿ ಮೇಲೆ ಬರುವಂತೆ, ಗೇಣುದ್ದ ಆಳದಲ್ಲಿ, ಒಂದಕ್ಕೊಂದು ತಾಗದಂತೆ ಹುಗಿದು ಮಣ್ಣು ಮುಚ್ಚಿದರಾಯಿತು. ಉಳಿದದ್ದನ್ನೆಲ್ಲ ಚಳಿ ನೋಡಿಕೊಳ್ಳುತ್ತದಂತೆ. ತಿಂಗಳುಗಟ್ಟಲೆ ತಣ್ಣಗಿದ್ದರೆ ಮಾತ್ರ ಅದು ಹೂ ಬಿಡುವುದು. ಹಿತ್ತಿಲ ಬಾಗಿಲಿನ ಮೆಟ್ಟಿಲ ಪಕ್ಕದಲ್ಲೇ, ಅಡುಗೆಮನೆಯ ಕಿಟಕಿಯಿಂದ ಕಾಣುವ ಹಾಗೆ, ಜಾಗ ಮಾಡಿದೆ. ಸುತ್ತ ಇಟ್ಟಿಗೆ ಜೋಡಿಸಿ, ನಾಲ್ಕು ಕಡ್ಡಿ ನೆಟ್ಟು ದಾರ ಕಟ್ಟಿದೆ. ಅಳಿಲು ಕೆದಕಬಾರದೆಂದು ಬ್ಯಾಡಗಿ ಮೆಣಸಿನಪುಡಿ ಎರಚಿದೆ. ಗಾಳಿ ತಿರುಗಿ ಅರ್ಧ ನನ್ನ ಮೂಗಿಗೇ ಬಂತು. ಸೀನುತ್ತ ಒಳಗೆ ಬಂದು ಮನೆಯವರಿಬ್ಬರಿಗೂ ಅಪ್ಪಣೆ ಹೊರಡಿಸಿದೆ: ಇಡೀ ಹಿತ್ತಿಲಿನಲ್ಲಿ ಎಲ್ಲಿ ಬೇಕಾದರೂ ಓಡಾಡಿ, ಆ ಇಟ್ಟಿಗೆಯೊಳಗೆ ಮಾತ್ರ ಯಾರೂ ಕಾಲಿಡಕೂಡದು. ಧಾರವಾಡದವರಾದ ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತದೆ ಹೂಂ ಎಂದರು. ಅವರು ಎಲ್ಲದಕ್ಕೂ ಹೂಂ ಎನ್ನುವವರು. ಅವರ ಶಾಂತಿಯನ್ನು ನೋಡಿದರೆ ನನಗೆ ಇನ್ನಷ್ಟು ಚಡಪಡಿಕೆಯಾಗುತ್ತದೆ.

ನವೆಂಬರ್ ಹೇಗೋ ಕಳೆಯಿತು. ಡಿಸೆಂಬರಿನಲ್ಲಿ ಹಿಮ ಬಿದ್ದು ಇಟ್ಟಿಗೆಯೂ ಕಾಣದಂತಾದಾಗ ಸ್ವಲ್ಪ ನೆಮ್ಮದಿ. ಕಾಣದಿದ್ದರೆ ಅಗೆಯಬೇಕೆನ್ನಿಸುವುದಿಲ್ಲ. ಮಗಳ ರೂಮಿನ ಬಾಗಿಲಿನ ವಿಷಯದಲ್ಲೂ ನಾನು ಮಾತು ಉಳಿಸಿಕೊಂಡೆ. ಕಾಲೇಜಿನ ಪ್ರಶ್ನೆ ಬಾಯಿಗೆ ಬಂದಾಗಲೆಲ್ಲ ಅದರ ಬದಲು ದೋಸೆ ಇನ್ನೊಂದು ಬೇಕಾ ಎಂದು ಕೇಳುತ್ತಿದ್ದೆ. ಆ ಚಳಿಗಾಲದಲ್ಲಿ ಅನಘಾ ತಿಂದಷ್ಟು ದೋಸೆಯನ್ನು ಹಿಂದೆಂದೂ ತಿಂದಿರಲಾರಳು.

ಜನವರಿಯಲ್ಲಿ ನಾಲ್ಕು ದಿನ ಇದ್ದಕ್ಕಿದ್ದ ಹಾಗೆ ಬಿಸಿಲು ಬಂದು ಹಿಮ ಕರಗಿತು. ನಾನು ಮನೆಯಿಂದಲೇ ಕೆಲಸ ಮಾಡುವ ದಿನ. ಗಂಡ ಜರ್ಸಿ ಸಿಟಿಯ ಆಫೀಸಿನಲ್ಲಿ, ಮಗಳು ಸ್ಕೂಲಿನಲ್ಲಿ. ಮೀಟಿಂಗಿನಲ್ಲಿ ಯಾರೋ ಸ್ಲೈಡ್ ತೋರಿಸುತ್ತಿದ್ದರು, ನಾನು ಕಿಟಕಿಯ ಆಚೆ ಒದ್ದೆ ಮಣ್ಣು ನೋಡುತ್ತಿದ್ದೆ. ಅಲ್ಲಿ ಒಳಗೆ ಏನಾದರೂ ನಡೆಯುತ್ತಿದೆಯೋ ಅಥವಾ ನಾನು ಹನ್ನೆರಡು ಹೆಣಗಳಿಗೆ ಕಾವಲು ಕೂತಿದ್ದೇನೋ? ಮೀಟಿಂಗ್ ಮುಗಿಯುವವರೆಗೂ ತಡೆಯಲಿಲ್ಲ. ಮೈಕ್ ಮ್ಯೂಟ್ ಮಾಡಿ, ಹಳೆಯ ಸೌಟು ಹಿಡಿದು ಹೊರಗೆ ಹೋದೆ. ಮಧ್ಯದ ಸಾಲಿನ ಒಂದು ಗೆಡ್ಡೆಯನ್ನು ಮೆಲ್ಲಗೆ ಎಬ್ಬಿಸಿದೆ. ಕೆಳಗೆ ಶಾವಿಗೆಯಂಥ ಬಿಳಿಯ ಬೇರು ತುಂಬಿಕೊಂಡಿತ್ತು. ನನಗೆ ಆದ ಸಂತೋಷ ಹೇಳತೀರದು. ಸಂತೋಷ ಹೆಚ್ಚಾಗಿ, ಇನ್ನೊಂದನ್ನೂ ಎಬ್ಬಿಸಿ ನೋಡಿದೆ. ಅದಕ್ಕೂ ಬೇರು. ಎರಡನ್ನೂ ಮತ್ತೆ ಮಲಗಿಸಿ, ಮಣ್ಣು ಸವರಿ, ಮೀಟಿಂಗಿಗೆ ಬಂದು ಥ್ಯಾಂಕ್ ಯೂ ಎವರಿವನ್ ಎಂದೆ.

ಹಯಸಿಂತ್ ಗೆಡ್ಡೆಗೆ ಸುವರ್ಣಗೆಡ್ಡೆಯ ಗುಣವಿದೆ ಎನ್ನುವುದು ಆಗ ನನಗೆ ತಿಳಿಯಿತು. ಅಕ್ಟೋಬರಿನಲ್ಲಿ ಗ್ಲೌಸ್ ಹಾಕಿಕೊಂಡಿದ್ದೆ, ಈಗ ಕಳ್ಳತನದ ಅವಸರದಲ್ಲಿ ಮರೆತಿದ್ದೆ. ಸಂಜೆಗೆ ಅಂಗೈಯೆಲ್ಲ ಕೆಂಪಾಗಿ ತುರಿಕೆ. ನಮ್ಮ ಕಡೆ ಸುವರ್ಣಗೆಡ್ಡೆ ಹೆಚ್ಚಿದ ಕೈಗೆ ಮಾಡುವಂತೆ ಹುಣಸೆಹಣ್ಣು ನೆನೆಸಿ ಉಜ್ಜಿಕೊಂಡು ಕೂತೆ. ಮಗಳು ಬಂದು ನೋಡಿ, ಏನಾಯಿತು ಎಂದಳು. ಹೊಸ ಪಾತ್ರೆ ಸೋಪು ಆಗಿಬರಲಿಲ್ಲ ಎಂದೆ. ಪಾಪ, ಆ ಸೋಪನ್ನು ಅವಳೇ ತೆಗೆದು ಕಸಕ್ಕೆ ಹಾಕಿದಳು.

ಮಾರ್ಚ್ ಎರಡನೆಯ ವಾರ ಮಣ್ಣು ಸೀಳಿಕೊಂಡು ಹಸಿರು ಮೂತಿಗಳು ಎದ್ದವು. ಎಣಿಸಿದೆ. ಒಂಬತ್ತು. ಮಾರನೆಯ ದಿನವೂ ಒಂಬತ್ತು. ವಾರ ಕಳೆದು ಒಳಗಿನ ಮೊಗ್ಗು ಕಂಡರೂ ಒಂಬತ್ತೇ. ಮೆಟ್ಟಿಲ ಪಕ್ಕದ ಮೂಲೆಯ ಮೂರು ಏಳಲೇ ಇಲ್ಲ. ನನ್ನ ನಿದ್ದೆ ಕೆಟ್ಟಿತು. ನಾನು ಅಗೆದದ್ದು ಮಧ್ಯದಲ್ಲಿ ಎಂದು ನೆನಪು ಹೇಳುತ್ತಿತ್ತು, ಆದರೆ ಮಧ್ಯದಲ್ಲಿ ಒಂದನ್ನು ಎಬ್ಬಿಸಿದರೆ ಮೂಲೆಯದಕ್ಕೆ ಹೆದರಿಕೆಯಾಗಬಾರದೆಂದು ಎಲ್ಲಿದೆ? ಅನಘಾಳೂ ಬಂದು ಖಾಲಿ ಮೂಲೆಯನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು. ಅಳಿಲಿರಬೇಕು ಎಂದೆ. ಅವಳು ಸಡಿಲವಾಗಿದ್ದ ದಾರವನ್ನು ಬಿಗಿದು ಕಟ್ಟಿ ಒಳಗೆ ಹೋದಳು. ಅದಕ್ಕಿಂತ ಬೈಸಿಕೊಳ್ಳುವುದೇ ವಾಸಿಯಾಗಿತ್ತು.

ರಿಸಲ್ಟಿಗೆ ನಾಲ್ಕು ದಿನವಿದ್ದಾಗ, ಭಾನುವಾರ, ನಾನು ಬೇಗ ಎದ್ದೆ. ವಾರದ ದಿನಗಳಲ್ಲಿ ನಮ್ಮವರು ಆರಕ್ಕೇ ಪೂಜೆ ಮುಗಿಸಿ ರೈಲಿಗೆ ಓಡುವುದರಿಂದ ಅವರ ಪೂಜೆ ನನ್ನ ಕಣ್ಣಿಗೆ ಬೀಳುವುದೇ ಇಲ್ಲ. ಅವತ್ತು ಕಿಟಕಿಯಲ್ಲಿ ಕಾಫಿ ಹಿಡಿದು ನಿಂತಿದ್ದೆ. ಹಿತ್ತಿಲ ಬಾಗಿಲು ತೆರೆಯಿತು. ಇವರು ಪಂಚೆಯಲ್ಲಿ ಮೇಲಿನ ಮೆಟ್ಟಿಲ ಮೇಲೆ ನಿಂತು, ಭಕ್ತಿಯಿಂದ ಬಗ್ಗಿ, ದೇವರಿಗೆ ಅಭಿಷೇಕ ಮಾಡಿದ ಒಂದು ತಂಬಿಗೆ ನೀರನ್ನು, ಬಾಡಿದ ಸೇವಂತಿಗೆಯ ಸಮೇತ, ನನ್ನ ಇಟ್ಟಿಗೆಯೊಳಗಿನ ಮೂಲೆಗೆ ಸುರಿದರು.

ನಾನು ಓಡಿಹೋಗಿ, ಇದೇನು ಮಾಡುತ್ತಿದ್ದೀರಿ ಎಂದು ಕೇಳಿದೆ. ಎಷ್ಟು ದಿನದಿಂದ ನಡೆಯುತ್ತಿದೆ ಎಂದೂ ಕೇಳಿದೆ.

"ತುಳಸಿ ಒಳಗ ತಂದಾಗಿಂದ," ಎಂದರು. "ದೇವರ ನೀರು ಯಾರೂ ತುಳಿಯದ ಜಾಗಾದಾಗ ಹಾಕಬೇಕಲ್ಲ. ಇಡೀ ಮನ್ಯಾಗ ಅಂಥಾ ಜಾಗಾ ಇದೊಂದೇ ಅದ. ಯಾರೂ ಕಾಲಿಡಬಾರದಂತ ನೀನೇ ಹೇಳಿದ್ದಿ. ನಾನೂ ಕಾಲಿಟ್ಟಿಲ್ಲ ನೋಡು, ಮ್ಯಾಲಿಂದನೇ ಹಾಕೇನಿ."

ಬೇಸಿಗೆಯಲ್ಲಿ ಪೂಜೆಯ ನೀರು ಹಾಕಿಸಿಕೊಳ್ಳುತ್ತ ಹೊರಗಿರುವ ತುಳಸಿಯ ಕುಂಡ ಅಕ್ಟೋಬರಿನಲ್ಲಿ ಚಳಿಗೆ ಹೆದರಿ ಒಳಗೆ ಬರುತ್ತದೆ. ಅಂದಿನಿಂದ ದಿನಕ್ಕೊಂದು ತಂಬಿಗೆಯಂತೆ, ನೀರು ಇಂಗದ ನಮ್ಮ ಜೇಡಿಮಣ್ಣಿಗೆ, ಹಬ್ಬದ ದಿನ ಹಾಲು ಮೊಸರಿನ ಸಮೇತ! ಆ ಮೂಲೆಯಲ್ಲಿ ಬಿದ್ದಿರುತ್ತಿದ್ದ ಒಣ ಹೂವನ್ನು ನಾನು ಗಾಳಿ ತಂದ ಕಸವೆಂದುಕೊಂಡಿದ್ದೆ. ಸೌಟು ತಂದು ಮೂಲೆ ಅಗೆದೆ. ಮೂರು ಗೆಡ್ಡೆಯೂ ಕೊಳೆತು ಮುದ್ದೆಯಾಗಿದ್ದವು, ಸುತ್ತ ಅಕ್ಷತೆಯ ಕಾಳು, ಕುಂಕುಮದ ಕೆಂಪು. ನನಗೆ ದುಃಖವಾಗಬೇಕಿತ್ತು. ಆದದ್ದು ಬಿಡುಗಡೆ. ನಾನಲ್ಲ, ಕೊಂದವಳು ನಾನಲ್ಲ. ಮಗಳನ್ನು ಹಾಸಿಗೆಯಿಂದ ಎಬ್ಬಿಸಿ ಕರೆತಂದು, ಸಾಕ್ಷಿ ಸಮೇತ ನನ್ನ ನಿರಪರಾಧಿತ್ವವನ್ನು ಮಂಡಿಸಿದೆ. ನೋಡು, ಇದು ನಿಮ್ಮಪ್ಪನ ಕೆಲಸ. ನಾನು ಎಬ್ಬಿಸಿ ನೋಡಿದ್ದು ಅಗೋ ಆ ಮಧ್ಯದ ಎರಡನ್ನು, ಅವೆರಡೂ ಎಲ್ಲಕ್ಕಿಂತ ಚೆನ್ನಾಗಿ ಬಂದಿವೆ.

ಇಷ್ಟು ಹೇಳಿ ಮುಗಿಸಿದ ಮೇಲೆ ನಾನು ಹೇಳಿದ್ದು ಏನೆಂದು ನನಗೇ ಕೇಳಿಸಿತು. ನಮ್ಮವರು ತಂಬಿಗೆ ಹಿಡಿದುಕೊಂಡು ಸದ್ದಿಲ್ಲದೆ ಒಳಗೆ ಹೋದರು.

ಅನಘಾ ಸಿಟ್ಟಾಗಲಿಲ್ಲ. "ಐ ನೋ, ಅಮ್ಮಾ. ಸೋಪಿಗೆ ಯಾರೂ ಹುಣಸೆಹಣ್ಣು ಹಚ್ಕೊಳಲ್ಲ," ಎಂದಳು. "ನೀನೇ ಹೇಳ್ತೀಯಾ ಅಂತ ವೇಟ್ ಮಾಡ್ತಿದ್ದೆ," ಎಂದು ಸೇರಿಸಿದಳು. ಜನವರಿಯಿಂದ ಮಾರ್ಚಿನವರೆಗೆ, ಹದಿನೇಳು ವರ್ಷದ ಹುಡುಗಿ, ಬಾಯಿಬಿಡದೆ ಕಾದಿದ್ದಾಳೆ. ಆ ಗುಣ ನನ್ನ ಕಡೆಯಿಂದ ಬಂದದ್ದಲ್ಲ ಎನ್ನುವುದಂತೂ ಖಂಡಿತ.

ಗುರುವಾರ ಏಳಕ್ಕೆ ಐದು ನಿಮಿಷವಿದ್ದಾಗ ಅವಳು ಲ್ಯಾಪ್‌ಟಾಪ್ ಎತ್ತಿಕೊಂಡು ತನ್ನ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಪ್ಪಂದ ಒಪ್ಪಂದವೇ. ನಾನು ಒಳಮೆಟ್ಟಿಲಿನ ಮೇಲೆ ಕೂತೆ. ಎದ್ದು ಹೋಗಿ ಬಾಗಿಲು ತಟ್ಟಬೇಕೆಂದು ಕೈಯೆಲ್ಲ ತುರಿಸುತ್ತಿತ್ತು, ಗೆಡ್ಡೆ ಮುಟ್ಟದೆಯೇ. ತಟ್ಟಲಿಲ್ಲ. ಏಳೂ ಇಪ್ಪತ್ತಕ್ಕೆ ಅವಳು ಬಂದು ನನ್ನ ಪಕ್ಕದಲ್ಲಿ ಕೂತು, "ವೇಟ್‌ಲಿಸ್ಟ್," ಎಂದಳು. ಹೌದೂ ಅಲ್ಲ, ಇಲ್ಲವೂ ಅಲ್ಲ. ಜಾಗ ಖಾಲಿಯಾದರೆ ಜೂನಿನ ಹೊತ್ತಿಗೆ ತಿಳಿಸುತ್ತಾರಂತೆ. ಬೇರೆ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ಆಕಾಶವೇನೂ ಬಿದ್ದಿಲ್ಲ. ಆದರೆ ಅವಳ ಕಣ್ಣು ಕೆಂಪಾಗಿತ್ತು, ಆ ಇಪ್ಪತ್ತು ನಿಮಿಷ ಅವಳು ಒಬ್ಬಳೇ ಇದ್ದಳು. ಅದು ನನ್ನಿಂದಾಗಿ. ಎರಡು ಗೆಡ್ಡೆಯ ಬೇರು ನೋಡುವ ಆಸೆಗೆ ನಾನು ಕಳೆದುಕೊಂಡದ್ದು ಇದನ್ನು. ಸಾರಿ ಕಣೇ ಎಂದೆ. ಅವಳು ನನ್ನ ಭುಜಕ್ಕೆ ತಲೆಯಿಟ್ಟು, ದೋಸೆ ಇದೆಯಾ ಎಂದು ಕೇಳಿದಳು.

ಏಪ್ರಿಲ್ ಮೊದಲ ವಾರ ಒಂಬತ್ತೂ ಅರಳಿದವು. ನೀಲಿ. ಕಿಟಕಿ ತೆರೆದರೆ ಅಡುಗೆಮನೆಯ ಒಗ್ಗರಣೆಯನ್ನೂ ಸೋಲಿಸುವ ಪರಿಮಳ. ಒಂದು ಗೊಂಚಲು ದೇವರಿಗೆ ಹೋಯಿತು. ನೀರು ಈಗ ಬೇಲಿಯ ಬುಡಕ್ಕೆ ಹೋಗುತ್ತದೆ. ಹೂ ಬಾಡಿದ ಮೇಲೆ ಎಲೆಗಳನ್ನು ಕತ್ತರಿಸಿ ಚೊಕ್ಕ ಮಾಡೋಣ ಎಂದು ಕತ್ತರಿ ಹಿಡಿದು ಹೊರಟಿದ್ದೆ. ಅನಘಾ ತಡೆದಳು. ಕತ್ತರಿಸಬಾರದಂತೆ. ಮುಂದಿನ ವರ್ಷದ ಹೂವಿಗೆ ಗೆಡ್ಡೆ ಈ ಎಲೆಗಳಿಂದಲೇ ಬಲ ತುಂಬಿಕೊಳ್ಳುತ್ತದಂತೆ. ತಾವಾಗಿ ಹಳದಿಯಾಗಿ ಒಣಗುವವರೆಗೆ ಮುಟ್ಟಬಾರದಂತೆ. ಎಲ್ಲಿಯವರೆಗೆ ಎಂದು ಕೇಳಿದೆ. ಜೂನ್ ಎಂದಳು. ಎರಡನೆಯ ಒಪ್ಪಂದ ಅಲ್ಲೇ ಆಯಿತು, ಅದೇ ಷರತ್ತು, ಅದೇ ಬಹುಮಾನ.

ಈಗ ಮೇ ನಡೆಯುತ್ತಿದೆ. ಇಷ್ಟು ದಿನವೂ ನಾನು ಮಾತಿಗೆ ತಪ್ಪಿಲ್ಲ. ಇವತ್ತು ಬೆಳಗ್ಗೆ ಮಾತ್ರ, ಹಳದಿ ಎಲ್ಲಿಯವರೆಗೆ ಬಂದಿದೆ ನೋಡೋಣವೆಂದು, ಒಂದೇ ಒಂದು ಎಲೆಯನ್ನು ಎರಡು ಬೆರಳಲ್ಲಿ ಸ್ವಲ್ಪವೇ ಎಳೆದೆ. ಇನ್ನೂ ಗಟ್ಟಿಯಾಗಿತ್ತು. ತಲೆಯೆತ್ತಿದರೆ ಅಡುಗೆಮನೆಯ ಕಿಟಕಿಯಲ್ಲಿ ಅನಘಾ ನಿಂತಿದ್ದಳು, ಕೈಯಲ್ಲಿ ನನ್ನ ಹುಣಸೆಹಣ್ಣಿನ ಡಬ್ಬಿ.