ಮೈದಾನಕ್ಕಾಗಿ ಮೂರೂರು ಸುತ್ತಿದ ರಿಂಗು

೧೯೬೧ನೆಯ ಇಸವಿ, ನವೆಂಬರ್ ೧೨, ಭಾನುವಾರ. ನನ್ನ ಹಳೆಯ ಡೈರಿಯ ಆ ಪುಟದಲ್ಲಿ ಹೀಗಿದೆ: "ಇಂದಿನಿಂದ ರಿಂಗ್ ಪಂದ್ಯ. ಏನೇ ಆಗಲಿ, ಮೂರೂ ಸುತ್ತು ಮುಗಿಸಬೇಕು." 'ಏನೇ ಆಗಲಿ' ಎಂದು ಬರೆಯಬಾರದಿತ್ತು. ಹೆಂಗಸರು ಸೆರಗು ಬಿಗಿದು ಆಟಕ್ಕಿಳಿದರೆ ನಮ್ಮ ಕಡೆ ಏನಾದರೊಂದು ಆಗದೆ ಇರುವುದಿಲ್ಲ. ಆ ಚಳಿಗಾಲದಲ್ಲಂತೂ ಒಂದು ಸುತ್ತೂ ತಪ್ಪದೆ ಆಯಿತು.

ರಬ್ಬರಿನ ರಿಂಗನ್ನು ಬಲೆಯಾಚೆ ಎಸೆಯುವುದು, ಬಂದದ್ದನ್ನು ಒಂದೇ ಕೈಯಲ್ಲಿ ಹಿಡಿಯುವುದು, ಇಷ್ಟೇ ಆಟ. ಧಾರವಾಡದಲ್ಲಿ ಬಿ.ಎ. ಓದುವಾಗ ನನಗೆ ಇದರಲ್ಲಿ ಬಹುಮಾನ ಬಂದಿತ್ತು. ಮದುವೆಯಾಗಿ ಶಿರಸಿಗೆ ಬಂದು, ಮೂರು ಮಕ್ಕಳಾಗಿ, ಮಹಿಳಾ ಮಂಡಳದ ಕಾರ್ಯದರ್ಶಿಯಾದ ಮೇಲೂ ಕೈ ತುರಿಸುತ್ತಿತ್ತು. ಆಡಲು ಜಾಗವಿರಲಿಲ್ಲ. ಹೈಸ್ಕೂಲಿನ ಹೆಡ್ ಮಾಸ್ತರರನ್ನು ಕೇಳಿದೆ. ಅವರು ಹಾವೇರಿ ಕಡೆಯವರು.

"ನೋಡ್ರಿ ಬಾಯಾರ, ಹೆಣ್ಣಮಕ್ಕಳ ಹುರುಪು ಎರಡು ದಿನದ್ದು. ಯಲ್ಲಾಪುರ, ಸಿದ್ದಾಪುರ, ಶಿರಸಿ, ಮೂರೂ ಕಡೆ ಪಂದ್ಯ ಮಾಡಿ ಮುಗಿಸಿ ತೋರಸ್ರಿ. ದಿನಾ ಸಂಜೀ ಮುಂದ ಮೈದಾನ ನಿಮಗ ಬಿಟ್ಟುಕೊಡ್ತೀನಿ. ಒಂದು ಸುತ್ತು ಅರ್ಧಕ್ಕ ನಿಂತರೂ ಆ ಮಾತು ಇಲ್ಲ."

"ಬರೆದುಕೊಳ್ಳಲೇ?" ಎಂದೆ.

ಅವರು ನಕ್ಕರು. ನಾನು ಬರೆದುಕೊಂಡೆ.

ಗೆಲ್ಲಲೊಲ್ಲದವರು

ನಾವು ಬಸ್ಸಿಳಿದ ಕೂಡಲೇ ಯಲ್ಲಾಪುರದ ಹೆಂಗಸರು ನಮ್ಮನ್ನು ಊಟಕ್ಕೆ ಕೂರಿಸಿದರು. ಹೋಳಿಗೆ, ತುಪ್ಪ, ಎಲೆಯ ಮುಂದೆ ನಿಂತು ಒತ್ತಾಯ. ಆಮೇಲೆ ಪಂದ್ಯ. ನನ್ನ ಎದುರಾಳಿ ಬೇರೆ ಯಾರೂ ಅಲ್ಲ, ನನಗೆ ನಾಲ್ಕನೆಯ ಹೋಳಿಗೆ ಬಡಿಸಿದ ಮನೆಯೊಡತಿ.

ನಾನು ರಿಂಗ್ ಎಸೆದೆ. ಅಂಗೈಗೇ ಬಂದದ್ದನ್ನು ಆಕೆ ಬಿಟ್ಟುಬಿಟ್ಟರು. ಮತ್ತೆ ಎಸೆದೆ, ಮತ್ತೆ ಬಿಟ್ಟರು.

"ಹಿಡೀರಿ ಅತ್ಗೆ!" ಎಂದೆ.

"ನಮ್ಮನೇಲಿ ಉಂಡವ್ರನ್ನ ಸೋಲಿಸಿ ಕಳಿಸದಾ? ಆನಂತೂ ಸೋಲಿಸ್ತ್ನಿಲ್ಲೆ ಮಾರಾಯ್ತಿ."

ನನಗೂ ನಾಚಿಕೆಯಾಯಿತು. ಉಂಡ ಮನೆಯವರನ್ನು ಸೋಲಿಸುವುದು ಹೇಗೆ? ಅವರು ಎಸೆದದ್ದನ್ನು ನಾನೂ ಬಿಡತೊಡಗಿದೆ. ಸೋಲುವುದಕ್ಕೆ ಇಬ್ಬರೂ ಬೆವರು ಸುರಿಸಿ ದುಡಿದೆವು. ಇಪ್ಪತ್ತು-ಇಪ್ಪತ್ತಾಯಿತು. ಇನ್ನು ಒಬ್ಬರು ಸಾಲಾಗಿ ಎರಡು ಅಂಕ ಪಡೆಯಬೇಕು. ಪಡೆಯಲು ಯಾರೂ ತಯಾರಿಲ್ಲ. ಊರಿಗೆ ಮರಳುವ ಬಸ್ಸು ಬೇಲಿಯಾಚೆ ಬಂದು ನಿಂತಿತು. ಡ್ರೈವರ್ ಎರಡು ಸಲ ಹಾರ್ನ್ ಒತ್ತಿದ, ಇಳಿದು ಬಂದು ಸ್ವಲ್ಪ ಹೊತ್ತು ನೋಡಿದ, ಕಡೆಗೆ ಕೈ ಮುಗಿದ:

"ಯಾರಾದ್ರೂ ಒಬ್ರು ಗೆದ್ದು ಪುಣ್ಯ ಕಟ್ಕೊಳ್ರೇ ಅಮ್ಮ, ಬಸ್ಸು ಹೊರಡ್ಬೇಕು!"

ಸುತ್ತು ಅರ್ಧಕ್ಕೆ ನಿಲ್ಲಬಾರದೆಂದು ಮನಸ್ಸು ಕಲ್ಲು ಮಾಡಿಕೊಂಡು ಗೆದ್ದೆ. ಆ ದಿನವೇ ಬಸ್ಸಿನಲ್ಲಿ ಹೊಸ ನಿಯಮ ಬರೆದೆ: ಆಟ ಮೊದಲು, ಊಟ ಆಮೇಲೆ.

ಬಾಲ್ದಿಯೊಳಗಿನ ರಿಂಗು

ಸಿದ್ದಾಪುರದ ಆಟಗಾರ್ತಿಯರಲ್ಲಿ ಒಬ್ಬ ಸೊಸೆಯಿದ್ದಳು. ಸಣ್ಣ ಜೀವ, ಬಾಯಿ ಸತ್ತವಳು. ಅವಳ ಜೊತೆ ಅತ್ತೆಯೂ ಬಂದರು, ಕೈಯಲ್ಲಿ ನೀರು ತುಂಬಿದ ಬಾಲ್ದಿ.

"ಕಂಡಕಂಡವ್ರು ಮುಟ್ಟಿದ್ದನ್ನ ನನ್ನ ಸೊಸೆ ಹಂಗೇ ಮುಟ್ಟದಿಲ್ಲೆ. ನೀರಲ್ಲಿ ಅದ್ದಿ ಕೊಟ್ರೆ ಅಡ್ಡಿಲ್ಲೆ."

ಸಿಟ್ಟು ಬಂತು. ಆದರೆ ಒಬ್ಬಳು ಎದ್ದು ಹೋದರೂ ಸುತ್ತು ಕೆಡುತ್ತದೆ. ಒಪ್ಪಿಕೊಂಡೆ. ಪ್ರತಿ ಸಲ ಅತ್ತೆ ರಿಂಗನ್ನು ಮುಳುಗಿಸಿ ಕೊಟ್ಟರು, ಸೊಸೆ ಎಸೆದಳು. ಗಾಳಿಯಲ್ಲಿ ಹಾರಿ ಬಂದದ್ದನ್ನು ಹಿಡಿದರೆ ಮೈಲಿಗೆಯಿಲ್ಲವಂತೆ. ಒದ್ದೆ ರಬ್ಬರು ಹಾವುಮೀನಿನಂತೆ ನಮ್ಮ ಕೈಯಿಂದ ಜಾರಿತು. ಮನೆಯಲ್ಲಿ ತಿಂಗಳಿಂದ ಒದ್ದೆ ರಿಂಗಿನಲ್ಲೇ ಅಭ್ಯಾಸ ಮಾಡಿದ್ದ ಅವಳಿಗೆ ಅದು ಅಂಟಿದಂತೆ ಕೂರುತ್ತಿತ್ತು. ನನ್ನನ್ನೂ ಸೇರಿಸಿ ಆರು ಜನರನ್ನು ಸಾಲಾಗಿ ಮಲಗಿಸಿದಳು.

ಕೊನೆಯ ಅಂಕ ಬಿದ್ದದ್ದೇ ತಡ, ಅತ್ತೆ ಬಾಲ್ದಿ ಒದ್ದು ಓಡಿಬಂದು ಸೊಸೆಯನ್ನು ತಬ್ಬಿಕೊಂಡರು. ನಮ್ಮನ್ನೂ ತಬ್ಬಿಕೊಂಡರು. ಬೇಲಿಯ ಹತ್ತಿರ ನಿಂತಿದ್ದ ಕಡಲೆಕಾಯಿ ಮಾರುವವಳನ್ನೂ ಬಿಡಲಿಲ್ಲ. ಮಡಿಯ ನೆನಪಾದದ್ದು ಮನೆಯ ಬಾಗಿಲಿಗೆ ಹೋದ ಮೇಲಂತೆ.

ನಾಲ್ಕು ಗೆರೆ

ಕೊನೆಯ ಸುತ್ತು ಶಿರಸಿಯಲ್ಲಿ, ಅದೇ ಹೈಸ್ಕೂಲು ಮೈದಾನದಲ್ಲಿ. ಉಳಿದವರು ಇಬ್ಬರು: ಸಿದ್ದಾಪುರದ ಆ ಸೊಸೆ ಮತ್ತು ನಮ್ಮೂರಿನ ಒಬ್ಬ ಟೀಚರು. ಅಂಪೈರ್ ಹೆಡ್ ಮಾಸ್ತರರೇ. ಬಿಳಿ ಪಂಚೆ ಉಟ್ಟು ಬಂದಿದ್ದರು. ಎತ್ತರದ ಸ್ಟೂಲು ಹಾಕಿಸಿ ಕೂರಿಸಿದೆವು.

ತಪ್ಪು ನನ್ನದೇ. ಕವಳ ಕೊಡದೆ ನಮ್ಮಲ್ಲಿ ಯಾವ ಕೆಲಸವೂ ಶುರುವಾಗುವುದಿಲ್ಲ. ತಟ್ಟೆ ಮುಂದಿಟ್ಟೆ. ಎಲೆ, ಹೊಸ ಅಡಿಕೆ, ಸುಣ್ಣ, ತಂಬಾಕು, ಎಲ್ಲವನ್ನೂ ಮಾಸ್ತರರು ಧಾರಾಳವಾಗಿ ಬಾಯಿಗೆ ಹಾಕಿಕೊಂಡರು. ಮಾತು ನಿಂತಿತು. ಬೆರಳಿನಲ್ಲೇ ಅಂಕ ತೋರಿಸಿದರು.

ಟೀಚರಿಗೆ ಇನ್ನೊಂದೇ ಅಂಕ ಬೇಕಿತ್ತು. ಅವಳು ಎಸೆದ ರಿಂಗು ಸುಣ್ಣದ ಗೆರೆಯ ಪಕ್ಕ ಬಿತ್ತು. ಎಲ್ಲರೂ ಸ್ಟೂಲನ್ನು ಮುತ್ತಿದರು.

"ಒಳಗಾ, ಹೊರಗಾ ಸಾರ್?"

"ಊಂ."

"ಊಂ ಅಂದ್ರೆ ಎಂತದು?"

"ಊಂ, ಊಂ!"

ಉಗುಳದೆ ಬಾಯಿ ಬಿಡುವಂತಿಲ್ಲ. ಉಗುಳೋಣವೆಂದರೆ ನಾಲ್ಕು ಕಡೆಯೂ ರೇಷ್ಮೆ ಸೀರೆ. ಮಾಸ್ತರರು ಪೂರ್ವಕ್ಕೆ ನೋಡಿದರು, ಪಶ್ಚಿಮಕ್ಕೆ ನೋಡಿದರು, ಆಕಾಶ ನೋಡಿದರು, ಕಣ್ಣು ಮುಚ್ಚಿ ನುಂಗಿಬಿಟ್ಟರು.

"ಅಯ್ಯೋ, ಅಡಿಕೆ ಸೊಕ್ತು!" ಎಂದಳೊಬ್ಬ ಮುದುಕಿ. ಹಣೆಯಲ್ಲಿ ಬೆವರೊಡೆದು, ತಲೆ ತಿರುಗಿ, ಮಾಸ್ತರರು ಸ್ಟೂಲಿನಿಂದ ಮೆಲ್ಲಗೆ ಜಾರಿಬಿದ್ದರು. ಬಾಯಲ್ಲಿ ಉಳಿದದ್ದು ಪಂಚೆಯ ಮೇಲಾಯಿತು. ಬೆಂಚಿನ ಮೇಲೆ ಮಲಗಿಸಿ, ನಿಂಬೆಹಣ್ಣು ಮೂಸಿಸಿ ಮಜ್ಜಿಗೆ ಕುಡಿಸಿದೆವು.

"ಸಾಕು ಅಕ್ಕಯ್ಯ, ಆಟ ಬಿಡನ," ಎಂದರು ನಮ್ಮ ಮಂಡಳದವರು.

ಬಿಟ್ಟರೆ ಮೈದಾನ ಹೋಯಿತು. ಡೈರಿ, ಪೆನ್ಸಿಲ್ ಹಿಡಿದು ಅವರ ತಲೆಯ ಹತ್ತಿರವೇ ಕೂತೆ. ಬಹಳ ಹೊತ್ತಿನ ಮೇಲೆ ಒಂದು ಕಣ್ಣು ತೆರೆಯಿತು.

"ಏನಾತ್ರಿ ಬಾಯಾರ?"

"ಇನ್ನೂ ಏನೂ ಆಗಿಲ್ಲ. ನೀವು ಹೇಳಿದ ಮೇಲೆ ಆಗುತ್ತದೆ. ರಿಂಗು ಗೆರೆಯ ಒಳಗೋ, ಹೊರಗೋ?"

ಅವರು ಕಷ್ಟಪಟ್ಟು ಆ ಕಡೆ ತಲೆ ತಿರುಗಿಸಿದರು.

"ಯಾವ ಗೆರೀರಿ? ನನಗ ನಾಲ್ಕು ಕಾಣಾಕತ್ತಾವು."

"ಒಂದನ್ನು ಆರಿಸಿ ಹೇಳಿ. ನಾವು ಕಾಯುತ್ತೇವೆ."

"ನಾಲ್ಕಕ್ಕೂ ಒಳಗ ಬಿದ್ದದ್ರಿ ತಾಯಿ, ನನ್ನ ಮನೀಗೆ ಕಳಿಸ್ರಿ!"

ಟೀಚರು ಗೆದ್ದಳು. 'ಮೂರೂ ಸುತ್ತು ಮುಗಿದವು' ಎಂದು ಬರೆದು ಮುಂದೆ ಹಿಡಿದೆ. ಮಾಸ್ತರರು ಮಲಗಿದಲ್ಲೇ ಸಹಿ ಹಾಕಿದರು. ಮರುದಿನ ಸಂಜೆಯಿಂದ ಮೈದಾನ ನಮ್ಮದಾಯಿತು.

ಅದಕ್ಕೆ ಕೊನೆಗೆ ತಗಲಿದ್ದು: ಮಜ್ಜಿಗೆ ಒಂದು ತಂಬಿಗೆ, ನಿಂಬೆಹಣ್ಣು ಎರಡು, ಹೆಡ್ ಮಾಸ್ತರರ ಬಿಳಿ ಪಂಚೆ ಒಂದು. ಪಂಚೆಯನ್ನು ಎರಡು ಸಲ ಒಗೆಸಿದೆ, ಕೆಂಪು ಹೋಗಲಿಲ್ಲ. ಹೊಸದನ್ನು ಕೊಂಡು ಕೊಟ್ಟೆ.